ಕತ್ತಿಗೆ ಮೆತ್ತಿದ ಸಿಮೆಂಟು

ಕಳೆದ ವಾರ ಕುರುಗೋಡಿನ ನಮ್ಮ ಓಣಿಯ ವೀರಗಲ್ಲಿನಲ್ಲಿರುವ ಹೆಣ್ಣಿನ ಕತ್ತಿಗೆ ಯಾರೋ ಸಿಮೆಂಟು ಮೆತ್ತಿ, ಸೀರೆ ಸುತ್ತಿ, ‘ಮಹಾಸತಿ’ ಎಂಬ ಫಲಕ ನಿಲ್ಲಿಸಿದ್ದಾರೆ. ನೋಡಿದ ಕೂಡಲೇ ನನಗೆ ಹರಳೆಣ್ಣೆಯ ವಾಸನೆ ನೆನಪಾಯಿತು.

ಆಗಿನ್ನೂ ಮದ್ರಾಸ್ ಸರ್ಕಾರದ ಕಾಲ. ದನಗಳನ್ನು ಮೇಯಲು ಬಿಡುವ ಮೊದಲು ಅಜ್ಜಿ ಹೆಬ್ಬೆರಳಿನಿಂದ ಆ ಕತ್ತಿಗೆ ಹರಳೆಣ್ಣೆ ಸವರುತ್ತಿದ್ದಳು. ಊರ ದನ ಹೊಡೆದುಕೊಂಡು ಹೊರಟ ಕಳ್ಳರೊಡನೆ ಕಾದಾಡಿ ಸತ್ತವಳಂತೆ ಆ ಕಲ್ಲಿನ ಹೆಣ್ಣು.

“ಹೆಣ್ಣಿಗ್ಯಾಕಬೇ ಕತ್ತಿ?” ಎಂದು ಒಂದು ದಿನ ಸೋದರಮಾವ ಅಜ್ಜಿಯನ್ನು ಕೆಣಕಿದ.

“ನಿನ್ನಂಥ ಗಂಡಸರು ಬಾಗಿಲ ಹಾಕ್ಕೊಂಡು ಕುಂತಿದ್ರಲ್ಲಲೇ, ಅದಕ್ಕ!”

ಅಂದಿನಿಂದ ನಾನು ಒಮ್ಮೆಯಾದರೂ ಕಾಣಬೇಕೆಂದು ಆಸೆಪಟ್ಟದ್ದು ಯಾವ ರಾಜನನ್ನೂ ಅಲ್ಲ, ಕತ್ತಿ ಹಿಡಿದ ಆಕೆಯನ್ನು.

ಊರಿಗಾಗಿ ಹೋರಾಡಿ ಸತ್ತವಳನ್ನು ‘ಮಹಾಸತಿ’ ಎಂದು ಬರೆದು ಗಂಡನ ಚಿತೆಗೆ ತಳ್ಳಿದವರು ಯಾರು? ಯಾವ ಆಧಾರದ ಮೇಲೆ? ಫಲಕದಲ್ಲಿ ನಿಮ್ಮ ಹೆಸರಿಲ್ಲ. ಊರವರೆದುರು ನಿಂತು ಉತ್ತರ ಕೊಡಿ.