ಭೋಜನ್‌ನ ಪೆಟ್ಟಿಗೆಯಲ್ಲಿ ಬಿಳಿ ಎಳೆ

ಕುನ್ನೂರಿನ ಹತ್ತಿರ, ಹುಬ್ಬತಲೈಯ ನಮ್ಮ ಹಟ್ಟಿಯಲ್ಲಿ ಭೋಜನ್‌ನ ಗುಮಾನಿಗೆ ಸಿಕ್ಕದವರು ಯಾರೂ ಇಲ್ಲ. ಪಕ್ಕದ ಮನೆಯವನಾದ ನನ್ನನ್ನೇ ಎರಡು ಸಲ ಸಂಶಯಪಟ್ಟಿದ್ದಾನೆ. ಒಮ್ಮೆ ಸ್ಕ್ರೂಡ್ರೈವರ್ ಕಾಣೆಯಾದಾಗ, ಇನ್ನೊಮ್ಮೆ ಮರದ ಪ್ಲಮ್ ಹಣ್ಣು ಕಡಿಮೆಯಾದಾಗ. ಸ್ಕ್ರೂಡ್ರೈವರ್ ಅವನ ಸ್ವೆಟರಿನ ಜೇಬಿನಲ್ಲೇ ಸಿಕ್ಕಿತು. ಪ್ಲಮ್ ತಿಂದದ್ದು ಮಾತ್ರ ನಾನೇ.

ಟೀ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಡ್ರೈಯರ್ ಮುಂದೆ ನಿಂತವನು ಅವನು. ಅಲ್ಲೇ ನಾನು ಎಲೆ ತೂಗುತ್ತಿದ್ದೆ. ಟೀ ಪುಡಿಯಲ್ಲಿ ಚೂರು ಕರಕಲು ವಾಸನೆ ಬಂದರೂ ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಡ್ರೈಯರಿನವನ ಕಡೆಗೆ. ಹಾಗಾಗಿ ಅವನು ತಾನೇ ಮೊದಲು ಬೆರಳು ತೋರಿಸುವುದನ್ನು ಕಲಿತ. ಎಲೆ ಒದ್ದೆ, ಸೌದೆ ಹಸಿ, ಬೆಲ್ಟ್ ಸಡಿಲ. ತಪ್ಪು ನನ್ನದು ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ನಿವೃತ್ತನಾದ ಮೇಲೆ ಪುಟ್ಟ ರೈಲು ಮಾಡಲು ಕುಳಿತ. ಕುನ್ನೂರು ಸ್ಟೇಷನ್ನಿಗೆ ಟೇಪು ಹಿಡಿದುಕೊಂಡು ಹೋಗಿ ಬೆಟ್ಟದ ರೈಲಿನ ಬೋಗಿಗಳ ಅಳತೆ ತೆಗೆದ. ನಿಜವಾದ ಒಂದು ಮೀಟರಿಗೆ ಇಲ್ಲಿ ಎರಡು ಸೆಂಟಿಮೀಟರ್. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಿಟಕಿ ಕೊರೆದು, ನೀಲಿ ಬಣ್ಣ ಹೊಡೆಯುತ್ತಿದ್ದ. ಕೆಲಸವೇನೋ ಚೆಂದ. ಆದರೆ ನಮ್ಮೂರಿನ ಮಂಜಿನಲ್ಲಿ ಬಣ್ಣ ಒಣಗಬೇಕಲ್ಲ! ಮೂರು ದಿನವಾದರೂ ಅಂಟಂಟು, ಮೇಲೊಂದು ಬಿಳಿ ಮಬ್ಬು.

ಅದಕ್ಕೇ ಒಣಗಿಸುವ ಪೆಟ್ಟಿಗೆ ಕಟ್ಟಿದ. ಒಳಗೆ ಬೆಳ್ಳಿ ಕಾಗದ ಅಂಟಿಸಿದ ಹಳೆಯ ಟೀ ಪೆಟ್ಟಿಗೆ, ಎರಡು ಬಲ್ಬು, ನಡುವೆ ತಂತಿ ಜಾಲರಿ, ವಾಸನೆ ಹೋಗಲು ಮೇಲೆ ತೂತು. ಪಕ್ಕದಲ್ಲಿ ಕೆಟ್ಟ ಕಂಪ್ಯೂಟರಿನಿಂದ ಕಿತ್ತ ಫ್ಯಾನು. ಧೂಳು ಒಳಗೆ ಬರದಂತೆ ಅದರ ಬಾಯಿಗೆ ನಾಲ್ಕು ಮಡಿಕೆ ಬಿಳಿ ಬಟ್ಟೆ. ಮೊದಲ ದಿನ ಫ್ಯಾಕ್ಟರಿಯ ಅಭ್ಯಾಸದಲ್ಲಿ ಶಾಖ ಏರಿಸಿದ. ಇಂಜಿನ್ನಿನ ಹೊಗೆ ಕೊಳವೆ ಮೆತ್ತಗಾಗಿ ತಲೆ ಬಾಗಿಸಿತು. ಯಾರೋ ಬಲ್ಬು ಬದಲಾಯಿಸಿದ್ದಾರೆ ಎಂದ. ಆಮೇಲೆ, ಬಣ್ಣಕ್ಕೆ ಬೇಕಾದದ್ದು ಟೀ ಪುಡಿ ಹುರಿಯುವ ಶಾಖವಲ್ಲ, ಹಸಿ ಎಲೆ ಬಾಡಿಸುವಂಥ ಬೆಚ್ಚನೆ ಗಾಳಿ ಎಂದು ತಾನೇ ಕಂಡುಕೊಂಡ.

ಮಬ್ಬು ಹೋಯಿತು. ಆದರೆ ನೀಲಿ ಬೋಗಿಯ ಮೇಲೆ ಬಿಳಿ ಎಳೆಗಳು ಕಾಣಿಸಿದವು. ಉಜ್ಜಿ ತೆಗೆದು ಮತ್ತೆ ಬಣ್ಣ ಹೊಡೆದ. ಮತ್ತೆ ಎಳೆ. ಮೂರನೆಯ ಸಲ ಹೆಂಡತಿಯನ್ನು ಕರೆದು ನಿಲ್ಲಿಸಿದ.

"ಪೆಟ್ಟಿಯ ನೀ ತೆಗದಿಯಾ?"

"ನಿಂಗಳ ಪೆಟ್ಟಿ ಎನಗ ಏಕ?" ಎಂದಳು ವಸಂತಾಮಣಿ. ಅವಳ ಕಣ್ಣು ಆಗಲೇ ಕೆಂಪಾಗಿತ್ತು.

ಅವಳಿಗೆ ಅವಳದೇ ಸಂಕಟ. ಕಳೆದ ವರ್ಷ ತೀರಿಕೊಂಡ ಅವಳ ಅವ್ವೆ ಕೊನೆಯ ದಿನಗಳಲ್ಲಿ ಹೊದ್ದಿದ್ದ ತುಂಡನ್ನು, ನಮ್ಮ ಹೆಂಗಸರು ಮೈಗೆ ಸುತ್ತುವ ಆ ಬಿಳಿ ಬಟ್ಟೆಯನ್ನು, ಒಗೆಯದೆ ಮಡಿಸಿಟ್ಟಿದ್ದಳು. ಆಗಾಗ ಅದನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದಳು. ಮನೆಗೆ ಸುಣ್ಣ ಬಳಿದ ದಿನದಿಂದ ಅದು ಕಾಣೆ. ಅಂದು ಸಹಾಯಕ್ಕೆ ಬಂದಿದ್ದವಳು ಅವಳ ತಮ್ಮನ ಹೆಂಡತಿ ಕಲೈಸೆಲ್ವಿ ಒಬ್ಬಳೇ. ವಸಂತಾಮಣಿ ಮುಖಕ್ಕೇ ಕೇಳಿಬಿಟ್ಟಳು. ಕಳ್ಳಿ ಎಂದೂ ಅಂದಳು. ಆ ಮಾತು ವಾಪಸು ತೆಗೆದುಕೊಳ್ಳುವವರೆಗೆ ನಮ್ಮ ಹೊಸ್ತಿಲು ತುಳಿಯಬೇಡ ಎಂದ ತಮ್ಮ ಸುಧಾಕರನ್. ಅವ್ವೆ ತೀರಿ ವರ್ಷ ತುಂಬುವುದು ಈ ಭಾನುವಾರ. ಎಲ್ಲರೂ ಕೂಡುವುದು ಅವನ ಮನೆಯಲ್ಲೇ. ಹೆತ್ತವಳ ದಿನಕ್ಕೆ ಮಗಳು ಹೋಗುವಂತಿರಲಿಲ್ಲ.

ಇಷ್ಟೆಲ್ಲ ಆಗುತ್ತಿದ್ದರೂ ಭೋಜನ್‌ಗೆ ಅವನ ಎಳೆಯದೇ ಚಿಂತೆ. ಪೆಟ್ಟಿಗೆಗೆ ಬೀಗ ಹಾಕಿದ. ಬೀಗದ ಕೈ ಸೊಂಟದಲ್ಲಿ. ಬಾಗಿಲಿನ ಸಂದಿಗೆ ಕಾಗದದ ಪಟ್ಟಿ ಅಂಟಿಸಿ ಸಹಿ ಬೇರೆ ಹಾಕಿದ. ಶನಿವಾರ ಮಧ್ಯಾಹ್ನ ನನ್ನನ್ನು ಸಾಕ್ಷಿಗೆ ಕರೆದ. ಪಟ್ಟಿ ಹರಿದಿರಲಿಲ್ಲ. ಒಳಗೆ ಬೋಗಿಯ ಮೇಲೆ ಐದು ಎಳೆ.

"ಇನ್ನೊಂದು ಬೀಗದ ಕೈ ಯಾರ ಹತ್ತಿರವೋ ಇದೆ," ಎಂದು ನನ್ನ ಜೇಬಿನ ಕಡೆ ನೋಡಿದ.

ನನಗೆ ರೇಗಿತು. "ಫ್ಯಾಕ್ಟರಿಯಲ್ಲಿ ಟೀ ಪುಡಿಯಿಂದ ನಾರು ತೆಗೆಯುತ್ತಿದ್ದೆವಲ್ಲ, ಹಾಗೆ ತೆಗೆ. ನನ್ನ ಜೇಬು ಯಾಕೆ ನೋಡುತ್ತೀ?" ಎಂದೆ.

ಅಲ್ಲಿ ಪ್ಲಾಸ್ಟಿಕ್ ಉರುಳೆಗಳನ್ನು ಬಟ್ಟೆಗೆ ಉಜ್ಜಿ ತಿರುಗಿಸಿದರೆ ನಾರೆಲ್ಲ ಹಾರಿ ಅದಕ್ಕೆ ಅಂಟುತ್ತಿತ್ತು. ಭೋಜನ್ ಒಂದು ಗೇಣು ಪ್ಲಾಸ್ಟಿಕ್ ಪೈಪನ್ನು ಸ್ವೆಟರಿಗೆ ಗಸಗಸ ಉಜ್ಜಿ ಪೆಟ್ಟಿಗೆಯೊಳಗೆ ಹಿಡಿದ. ಬೋಗಿಯ ಮೇಲೆ ಸಡಿಲವಾಗಿದ್ದ ಎರಡು ಎಳೆ ಹಾರಿ ಬಂದವು. ಬಲ್ಬಿನ ಕಡೆ ಏನೂ ಇಲ್ಲ. ಫ್ಯಾನಿನ ಬಾಯಿಗೆ ಹಿಡಿದನೋ ಇಲ್ಲವೋ, ಬಟ್ಟೆಯ ಕತ್ತರಿಸಿದ ಅಂಚಿನಲ್ಲಿದ್ದ ಎಳೆಗಳೆಲ್ಲ ಎದ್ದು ನಿಂತು ಪೈಪಿನ ಕಡೆ ಬಾಗಿದವು.

"ಸಿಕ್ಕಿದ ಕಳ್ಳ!" ಎಂದು ನಾನು ನಕ್ಕೆ. "ಎಲ್ಲಿಂದ ತಂದೆ ಈ ಬಟ್ಟೆ?"

"ಸುಣ್ಣ ಬಳಿದ ದಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯದು," ಎನ್ನುತ್ತಾ ಅದನ್ನು ಎಳೆದು ಬಿಡಿಸಿದ.

ಒಂದು ಮೂಲೆಯಲ್ಲಿ ಕೆಂಪು ದಾರದ ಎರಡು ಹೊಲಿಗೆ. ಒಗೆಯುವ ಕಲ್ಲಿನ ಹತ್ತಿರ ಬೇರೆಯವರ ಬಟ್ಟೆಯ ಜೊತೆ ಬೆರೆಯದಿರಲೆಂದು ವಸಂತಾಮಣಿಯ ಅವ್ವೆ ತನ್ನ ತುಂಡುಗಳಿಗೆಲ್ಲ ಹಾಗೆ ಗುರುತು ಹಾಕುತ್ತಿದ್ದಳು. 

ಭೋಜನ್ ಸುತ್ತಲೂ ನೋಡಿದ. ಬೆರಳು ತೋರಿಸಲು ಯಾರಾದರೂ ಸಿಗುತ್ತಾರೋ ಎಂದು ಹುಡುಕುತ್ತಿದ್ದ. ಇದ್ದವನು ನಾನೊಬ್ಬನೇ. "ನೀನಾದರೂ ಮೊದಲೇ ನೋಡಿ ಹೇಳಬಾರದಿತ್ತಾ?" ಎಂದ. ಆಮೇಲೆ ಅಡುಗೆಮನೆಯ ಒಲೆಯ ಕಡೆ ನೋಡಿ, "ಯಾರಿಗೂ ಗೊತ್ತಿಲ್ಲೆ," ಎಂದ, ಮೆಲ್ಲಗೆ.

ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಸುಟ್ಟುಬಿಡುವುದೇ ಸರಿ ಎನಿಸಿತು. ಮರುಕ್ಷಣ ನಾಚಿಕೆಯಾಯಿತು. "ಅಲ್ಲೊಬ್ಬಳು ಕಳ್ಳಿ ಅನ್ನಿಸಿಕೊಂಡು ಕೂತಿದ್ದಾಳೆ," ಎಂದೆ.

ಅವನು ಎದ್ದು ಹೊರಗೆ ಹೋಗಿ ವಸಂತಾಮಣಿಯ ಕೈಗೆ ಬಟ್ಟೆ ಕೊಟ್ಟ. ಅವಳು ಗುರುತು ನೋಡಿದಳು, ಮೂಗಿಗೆ ಹಿಡಿದಳು. ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ.

"ಅವ್ವೆಯ ವಾಸನೆ ಇಲ್ಲೆ," ಎಂದಳು. ಬೈಯಲಿಲ್ಲ. ಅವಳು ಬೈದಿದ್ದರೆ ನಾವಿಬ್ಬರೂ ಬದುಕಿಕೊಳ್ಳುತ್ತಿದ್ದೆವು.

ಮೂವರೂ ಟೀ ತೋಟದ ಮೆಟ್ಟಿಲಿಳಿದು ಸುಧಾಕರನ್‌ನ ಮನೆಗೆ ಹೋದೆವು. ಮಂಜು ದಟ್ಟವಾಗಿತ್ತು. ಕಲೈಸೆಲ್ವಿ ಬಾಗಿಲನ್ನು ಅರ್ಧ ತೆಗೆದು ನಿಂತಳು. ವಸಂತಾಮಣಿ ಬಾಯಿ ತೆರೆಯುವಷ್ಟರಲ್ಲಿ ಭೋಜನ್ ಬಟ್ಟೆ ಮುಂದೆ ಹಿಡಿದ.

"ತಪ್ಪು ಎನ್ನದು," ಎಂದ. "ಕತ್ತರಿಸಿದವ ನಾ."

ನಾನು ಕಂಡಂತೆ ಮೊದಲ ಸಲ ಹೇಳಿದ. ಕಲೈಸೆಲ್ವಿ ನಂಬಲಿಲ್ಲ.

"ಅಕ್ಕನ ಮಾನ ಉಳಿಸಲು ಹೇಳುವದಾ, ಅಣ್ಣ? ಬಟ್ಟೆ ಮನೆಯಲ್ಲೇ ಸಿಕ್ಕಿತು, ಈಗ ನಿಂಗ ತಪ್ಪು ಹೊತ್ತುಕೊಂಡು ಬಂದಿರಿ, ಅಷ್ಟೇ ಅಲ್ಲವಾ?"

ಭೋಜನ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನ ಗೆಳೆಯನ ತಲೆಯನ್ನು ಅವಳು ಯಾಕೆ ನಂಬಬೇಕು? ಎಲ್ಲರ ಮೇಲೂ ಗುಮಾನಿಪಟ್ಟವನು ತನ್ನ ಮೇಲೆ ಗುಮಾನಿ ಬರಲೆಂದು ಬೇಡುತ್ತಾ ಮೆಟ್ಟಿಲ ಮೇಲೆ ನಿಂತಿದ್ದ. ಕೊನೆಗೆ ಎರಡೂ ಕೈ ಚಾಚಿದ. ಉಗುರಿನ ಸಂದಿಯಲ್ಲೆಲ್ಲ ನೀಲಿ.

ಕಲೈಸೆಲ್ವಿ ಬಟ್ಟೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಕತ್ತರಿಸಿದ ಅಂಚಿನಲ್ಲಿ ನೀಲಿ ಬೆರಳ ಗುರುತು. ಮೂಸಿ ನೋಡಿದಳು. ಆಮೇಲೆ ಅವನ ಕೈಯನ್ನೂ ಮೂಸಿದಳು. ಅದೇ ವಾಸನೆ.

"ಅಕ್ಕ," ಎಂದಳು. ಅಷ್ಟಕ್ಕೇ ವಸಂತಾಮಣಿ ಅವಳ ಭುಜಕ್ಕೆ ಮುಖವೊತ್ತಿ, "ಕಳ್ಳಿ ಎಂದೆನಲ್ಲ ನಾ, ಕಳ್ಳಿ ಎಂದೆನಲ್ಲ," ಎಂದು ಅತ್ತಳು.

ಇಬ್ಬರೂ ಒಳಗೆ ಹೋದರು. ವಸಂತಾಮಣಿಯನ್ನು ಹಿಡಿದುಕೊಳ್ಳಲು ಕಲೈಸೆಲ್ವಿ ಬಟ್ಟೆಯನ್ನು ಮತ್ತೆ ಭೋಜನ್‌ನ ಕೈಗೆ ಕೊಟ್ಟಿದ್ದಳು. ಹೊಸ್ತಿಲು ದಾಟಲು ಧೈರ್ಯವಿಲ್ಲದೆ ಅವನು ಹೊರಗೇ ನಿಂತ. ನಾನೂ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಕಲೈಸೆಲ್ವಿ ತಿರುಗಿ ಬಂದಳು.

"ಒಳಗೆ ಬನ್ನಿ ಅಣ್ಣ," ಎಂದಳು, ಅವನ ಕೈಯ ಬಟ್ಟೆ ನೋಡುತ್ತಾ. "ಅವ್ವೆಯನ್ನ ಮಂಜಿನಲ್ಲಿ ನಿಲ್ಲಿಸಬೇಡಿ."