ಅರ್ಧ ಬೆಟ್ಟದ ಭಾವ

ನಮ್ಮ ಭಾವ ಯಾರನ್ನೇ ಕಂಡರೂ ಮೊದಲು ಮುಟ್ಟುತ್ತಿದ್ದುದು ಅವರ ಬಟ್ಟೆಯನ್ನು. ಹೆಬ್ಬೆರಳು ತೋರುಬೆರಳುಗಳ ನಡುವೆ ಅಂಗಿಯ ಅಂಚು ಹಿಡಿದು ಮೆಲ್ಲಗೆ ಉಜ್ಜಿ, “ಒಳ್ಳೇ ಕಾಟನ್ನು, ಎರಡು ಸಲ ಒಗೆದ್ರೆ ಇನ್ನೂ ಮೆತ್ತಗಾಗತ್ತೆ” ಎಂದ ಮೇಲೆಯೇ “ಚೆನ್ನಾಗಿದೀರಾ?” ಎಂಬ ವಿಚಾರಣೆ. ಮೈಸೂರಿನ ಸೀರೆ ಅಂಗಡಿಯೊಂದರ ಗಾದಿಯ ಮೇಲೆ ಕೂತು, ಸೀರೆ ಬಿಡಿಸಿ ಮಡಿಸಿ ಆಯುಸ್ಸು ಕಳೆದವರು. ಏನನ್ನೂ ಕೊಳ್ಳದೆ ಎದ್ದು ಹೋಗುವವರಿಗೂ “ಮತ್ತೆ ಬನ್ನಿ ತಾಯಿ” ಎಂದು ಕೈಮುಗಿಯುವರು. ನನ್ನ ಅಕ್ಕ ಸುಮಿತ್ರಳನ್ನು ನೋಡಲು ಕುಶಾಲನಗರದ ನಮ್ಮ ಮನೆಗೆ ಬಂದ ದಿನ, ಹುಡುಗಿಗಿಂತ ಮೊದಲು ಬಾಗಿಲ ಪರದೆಯನ್ನು ಪರೀಕ್ಷಿಸಿದ್ದರೆಂದು ಅಮ್ಮ ಈಗಲೂ ಹೇಳುತ್ತಾಳೆ.

ನಾನು ನಾಪೋಕ್ಲು ಕಡೆ ಕಾಫಿ ತೋಟವೊಂದರ ಅಂಚಿನಲ್ಲಿ ಟೆಂಟು ಹಾಕಿ, ಪಟ್ಟಣದಿಂದ ಬಂದವರನ್ನು ಬೆಟ್ಟ ಹತ್ತಿಸುತ್ತೇನೆ. ಅದೇ ನನ್ನ ಅನ್ನ. ಈ ಕೆಲಸ ಶುರುಮಾಡಿದ ಹೊಸದರಲ್ಲಿ ಭಾವ ಫೋನ್ ಮಾಡಿದರು. “ಲೋಕೇಶ, ನನ್ನನ್ನೂ ಒಂದ್ಸಲ ತುದಿಗೆ ಕರ್ಕೊಂಡು ಹೋಗಪ್ಪಾ. ನಾನು ಇದುವರೆಗೂ ಹತ್ತಿರೋ ಎತ್ತರ ಅಂದ್ರೆ ಅಂಗಡಿ ಏಣಿ ಅಷ್ಟೆ.”

ಬಂದರು. ಗೆರೆ ಬೀಳುವಂತೆ ಇಸ್ತ್ರಿ ಮಾಡಿದ ಪ್ಯಾಂಟು, ಹೊಚ್ಚ ಹೊಸ ಬಿಳಿ ಶೂ. ಒಂದು ಕೈಯಲ್ಲಿ ಪುಳಿಯೋಗರೆ ತುಂಬಿದ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಕೆಟ್ಟು. “ಟೆಂಟಲ್ಲಿ ಬಚ್ಚಲಿರಲ್ಲ ಅಂತ ನಿಮ್ಮಕ್ಕ ಕೊಟ್ಟಳು” ಎಂದರು. ಟೆಂಟಿನ ಬಟ್ಟೆಯನ್ನು ಉಜ್ಜಿ ನೋಡಿ ಮುಖ ಸಿಂಡರಿಸಿದರು. ಬೆಳಿಗ್ಗೆ ಒಳಗಿನಿಂದ ಜಿಪ್ಪು ಸಿಗದೆ, “ಲೋಕೇಶಾ, ಬಾಗಿಲು ಯಾವ ಕಡೆ ಇಟ್ಟಿದೀಯೋ?” ಎಂದು ಕೂಗಿಕೊಂಡರು.

ಹೊರಗೆ ಬಂದು, ತಂದ ಬಕೆಟ್ಟಿನಲ್ಲೇ ಸ್ನಾನ ಮುಗಿಸಿ, ಒದ್ದೆ ಟವೆಲ್ಲನ್ನು ಒಣಹಾಕಲು ಜಾಗ ಹುಡುಕಿದರು. ತೋಟದ ಸುತ್ತ ಬಿಗಿಯಾಗಿ ಎಳೆದ ತಂತಿ ಕಂಡು ಅವರಿಗೆ ಬಹಳ ಸಂತೋಷವಾಯಿತು. “ಎಷ್ಟು ಅಚ್ಚುಕಟ್ಟಾಗಿ ಕಟ್ಟಿದೀರಪ್ಪಾ” ಎನ್ನುತ್ತ ಟವೆಲ್ ಹರವಿದರು. ಅದು ಆನೆ ಬರದಿರಲೆಂದು ಹಾಕಿದ ಸೋಲಾರ್ ಬೇಲಿ. ಮರುಕ್ಷಣವೇ ನೆಲದ ಮೇಲೆ ಕೂತಿದ್ದರು. “ಯಾರಪ್ಪಾ ನನ್ನ ಹೊಡೆದಿದ್ದು?” ಎಂದು ಹಿಂದೆ ಮುಂದೆ ನೋಡಿದರು. ತೋಟದ ವಾಚ್‌ಮನ್ ಕುಟ್ಟ ಓಡಿ ಬಂದು ಎಬ್ಬಿಸುತ್ತ, “ಅದು ಆನೆಗೆ ಇಟ್ಟದ್ದು ಸಾರ್, ನಿಮಗಲ್ಲ” ಎಂದ. ನಾನು ಬಿದ್ದು ಬಿದ್ದು ನಕ್ಕೆ. ಭಾವನೂ ನಕ್ಕರು.

ಅವತ್ತು ಬಂದಿದ್ದ ಗುಂಪೊಂದರ ಜೊತೆ ಹೊರಟೆವು. ಬೆಟ್ಟದ ದಾರಿಯಲ್ಲಿ ಕಾಲಿಗೆ ಹತ್ತಿದ ಜಿಗಣೆಯನ್ನೂ ಅವರು ಗಿರಾಕಿಯಂತೆಯೇ ಮಾತನಾಡಿಸಿದರು. “ಸಾಕು ಬಿಡಪ್ಪಾ, ಬೇರೆಯವರನ್ನೂ ಸ್ವಲ್ಪ ನೋಡು.” ಕಾಡು ಮುಗಿದು ಹುಲ್ಲಿನ ಏರು ಬಂದಾಗ ಉಸಿರು ಸಾಲಲಿಲ್ಲ. ಅಂಬೆಗಾಲಿಟ್ಟು ಒಂದಷ್ಟು ದೂರ ಬಂದು ಬಂಡೆಯೊಂದರ ಮೇಲೆ ಕೂತುಬಿಟ್ಟರು. “ನೀವು ಹೋಗ್ಬನ್ನಿ, ನಾನು ಬ್ಯಾಗು ನೋಡ್ಕೋತೀನಿ.” ನಾವು ತುದಿ ಮುಟ್ಟಿ ಇಳಿದು ಬರುವಷ್ಟರಲ್ಲಿ, ಎಲ್ಲರೂ ಬಿಸಾಡಿ ಹೋಗಿದ್ದ ಜಾಕೆಟ್ಟುಗಳನ್ನು ಅಂಗಡಿಯ ಮಡಿಕೆ ಹಾಕಿ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. “ಮೇಲಿಂದ ಏನು ಕಾಣತ್ತೆ?” ಎಂದು ಕೇಳಿದರು. ನಾನು ಏನೋ ಹೇಳಿದೆ. “ಮುಂದಿನ ಸಲ ಬಿಡಲ್ಲ, ಹತ್ತೇ ಹತ್ತುತೀನಿ” ಎಂದರು.

ಆ ಮುಂದಿನ ಸಲ ಬರದಂತೆ ನೋಡಿಕೊಂಡವನು ನಾನೇ. ಪ್ರತಿವರ್ಷ ಮಳೆ ಹಿಂದೆ ಸರಿದ ಕೂಡಲೇ ಫೋನ್ ಬರುತ್ತಿತ್ತು. “ಈ ಸಲ ಹೋಗೋಣ್ವಾ?” ನಾನು, “ಜಿಗಣೆಗಳು ನಿಮ್ಮನ್ನೇ ಕೇಳ್ತಾವೆ ಭಾವ, ನೋಡಣ, ಈ ವಾರ ಬುಕಿಂಗ್ ಜಾಸ್ತಿ ಐತೆ” ಎಂದು ಹಾರಿಸಿಬಿಡುತ್ತಿದ್ದೆ. ದುಡ್ಡು ಕೊಟ್ಟು ಬಂದ ಗುಂಪಿನ ನಡುವೆ ಅವರನ್ನು ಎಳೆದುಕೊಂಡು ಹೋಗುವುದು ತಲೆನೋವೆನಿಸುತ್ತಿತ್ತು. ಆದರೆ ಅವರ ಕಥೆ ಮಾತ್ರ ನನಗೆ ಬೇಕಿತ್ತು. ಸಂಜೆ ಬೆಂಕಿಯ ಸುತ್ತ ಕೂತವರಿಗೆ ಬಕೆಟ್ಟು, ಜಿಪ್ಪು, ಬೇಲಿ, ಜಿಗಣೆ ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ಕೊನೆಗೆ ಅಂಬೆಗಾಲು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಅರ್ಧ ಬೆಟ್ಟದ ಭಾವ’ ಎಂದು ಹೆಸರಿಟ್ಟವನೂ ನಾನೇ.

ನನ್ನ ಮಗನ ನಾಮಕರಣಕ್ಕೆ ಭಾವ ತಮ್ಮ ಅಂಗಡಿಯವರನ್ನೂ ಕರೆತಂದಿದ್ದರು. ಊಟವಾದ ಮೇಲೆ ಯಾರೋ ಬೆಟ್ಟದ ಕಥೆ ಹೇಳೆಂದು ಕೇಳಿದರು, ನಾನು ಚಾಪೆಯ ಮೇಲೆ ಅಂಬೆಗಾಲಿಟ್ಟೇಬಿಟ್ಟೆ. ಅಂಗಡಿಯ ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಭಾವ ನಗುತ್ತಲೇ ಎದ್ದು, ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದಿದ್ದ ಶಾಲುಗಳನ್ನು ಮಡಿಸತೊಡಗಿದರು. ಅವರ ಮಗಳು ಮೇಘ, “ಸಾಕು ಮಾವ” ಎಂದಳು. ನಾನು ಆಗಲೂ ನಿಲ್ಲಿಸಲಿಲ್ಲ.

ಆ ವರ್ಷ ಮಳೆ ನಿಂತಿತು, ಫೋನ್ ಬರಲಿಲ್ಲ. ನಾನೇ ಅಕ್ಕನಿಗೆ ಮಾಡಿದೆ.

“ಪ್ರತಿ ಭಾನ್ವಾರ ಚಾಮುಂಡಿ ಬೆಟ್ಟದ ಮೆಟ್ಲು ಹತ್ತುತಿದ್ರು ಕಣೋ, ನೀನು ಕರೀತೀಯ ಅಂತ” ಎಂದಳು. “ಕೂಸಿನ ನಾಮಕರಣ ಮುಗಿಸ್ಕೊಂಡು ಬಂದ್ರಲ್ಲ, ಅವತ್ತಿಂದ ನಿಲ್ಸಿದ್ರು.”

ಹೋಗಬೇಕು, ಹೋಗಬೇಕು ಎನ್ನುತ್ತ ಆ ಸೀಸನ್ನೂ ಕಳೆದೆ. ಮುಖ ತೋರಿಸಲು ನಾಚಿಕೆ, ಅದಕ್ಕೆ ಕೆಲಸದ ನೆಪ. ಕೊನೆಗೊಮ್ಮೆ ಮೈಸೂರಿನ ಅಂಗಡಿಗೆ ಹೋದಾಗ ಭಾವ ಗಾದಿ ಬಿಟ್ಟು ಕುರ್ಚಿಯ ಮೇಲೆ ಕೂತಿದ್ದರು. ಇಳಿದುಹೋಗಿದ್ದರು. ಎಂದಿನಂತೆ ನನ್ನ ಅಂಗಿಯ ಅಂಚು ಮುಟ್ಟಿದರು.

“ಈ ಶನಿವಾರ ಬನ್ನಿ ಭಾವ. ಯಾವ ಗುಂಪೂ ಇಲ್ಲ, ನಾವಿಬ್ರೇ. ಎಷ್ಟೊತ್ತಾದ್ರೂ ಆಗ್ಲಿ, ನಿಧಾನಕ್ಕೆ ಹತ್ತಣ.”

“ಡಾಕ್ಟ್ರು ಮನೆ ಮೆಟ್ಲೇ ಬೇಡ ಅಂದಿದಾರಪ್ಪಾ. ಎದೆ ಕೇಳಲ್ಲ.” ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಗಿರಾಕಿಗೆ ಹೇಳುವಷ್ಟೇ ನಯವಾಗಿ, “ಒಂದು ಕೆಲಸ ಮಾಡು ಲೋಕೇಶ. ಆ ಕಥೆ ಹೇಳ್ತೀಯಲ್ಲ, ಅದ್ರಲ್ಲಾದ್ರೂ ನನ್ನ ತುದಿಗೆ ಹತ್ಸಿಬಿಡು” ಎಂದರು.

ಅದೇ ಕೊನೆಯ ಭೇಟಿ. ಬೇಸಿಗೆ ಕಾಲಿಡುವ ಮೊದಲೇ ಹೋಗಿಬಿಟ್ಟರು.

ಆಮೇಲೆ ಬಹಳ ದಿನ ಆ ಕಥೆಯ ಸುದ್ದಿಗೆ ಹೋಗಲಿಲ್ಲ. ಮೊನ್ನೆ ಹಳೆಯ ಗುಂಪೊಂದು ಮತ್ತೆ ಬಂದು, ಹೇಳಲೇಬೇಕೆಂದು ಹಟ ಹಿಡಿಯಿತು. ಹೇಳಿದೆ. ಬಂಡೆಯ ಹತ್ತಿರ ಭಾವನನ್ನು ಕೂರಿಸಲಿಲ್ಲ. ಕೈಹಿಡಿದು ಹುಲ್ಲಿನ ಏರು ದಾಟಿಸಿ ತುದಿಯಲ್ಲಿ ನಿಲ್ಲಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. “ಮೇಲೆ ನಿಂತು ಏನಂದ್ರು ನಿಮ್ ಭಾವ?” ಎಂದು ಒಬ್ಬಳು ಆಸೆಯಿಂದ ಕೇಳಿದಳು. ಅವರ ದನಿಯನ್ನು ಅಷ್ಟು ವರ್ಷ ಅಣಕಿಸಿದವನು ನಾನು. ಅವರು ಅಲ್ಲಿ ಆಡಬಹುದಾಗಿದ್ದ ಒಂದೇ ಒಂದು ಮಾತೂ ನನಗೆ ಹೊಳೆಯಲಿಲ್ಲ.