ಸಟನ್‌ನಲ್ಲಿ ಮಡಿಲು ತುಂಬಿದ್ದು

ಲಂಡನ್ನಿನ ಅಂಚಿನ ಸಟನ್‌ನಲ್ಲಿ, ಡಾಕ್ಟರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ನಾವು ಕೆಲವು ಕನ್ನಡದ ಹೆಂಗಸರು ಸೇರಿ ಪುಸ್ತಕ ಓದುತ್ತೇವೆ. ಡಾಕ್ಟರು ಮೈಸೂರಿನವರು, ನಮ್ಮೆಲ್ಲರಿಗಿಂತ ಹಿರಿಯರು. ಅವತ್ತು ನೈಜೀರಿಯಾದ ಲೇಖಕಿಯೊಬ್ಬರ ಕಾದಂಬರಿಯ ಸರದಿ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ನಾಯಕಿಗೆ ಬೇರು ಅರೆದು ಕುಡಿಸುತ್ತಾರೆ, ಹರಕೆ ಹೊರಿಸುತ್ತಾರೆ. ಕೊನೆಗೆ ಅವಳು ಒಂದು ಗಂಟು ಬಟ್ಟೆಯೊಡನೆ ಪಟ್ಟಣದ ಬಸ್ಸು ಹತ್ತುತ್ತಾಳೆ.

ಆ ಬಸ್ಸನ್ನು ನಾವೆಲ್ಲ ಹರಸಿ ಕಳಿಸಿದೆವು.

"ಎಂಥ ಧೈರ್ಯ ನೋಡಿ," ಎಂದರು ಡಾಕ್ಟರು, ಕೋಡುಬಳೆ ಮುರಿಯುತ್ತ. "ತಾಯಿಯಾದ್ರೇನೇ ಹೆಣ್ಣು ಅನ್ನೋದನ್ನ ಒದ್ದು ಹೊರಟ್ಳು. ನಮ್ಮ ಹುಡುಗಿಯರು ಇದನ್ನ ಕಲೀಬೇಕು."

ಆಮೇಲೆ ಬಹಳ ಹೊತ್ತು ಆಫ್ರಿಕಾದ ಅತ್ತೆಯರನ್ನು ಖಂಡಿಸಿದೆವು. ನಮ್ಮಲ್ಲಿ ಅತ್ತೆಯಾಗಿದ್ದವರ ಖಂಡನೆ ಹೆಚ್ಚು ತೀಕ್ಷ್ಣವಾಗಿತ್ತು.

ನನ್ನ ಪಕ್ಕದಲ್ಲಿ ಧಾರವಾಡದ ಹುಡುಗಿ ಕೂತಿದ್ದಳು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಡಾಕ್ಟರ ಮಹಡಿಯ ಕೋಣೆಗೆ ಶನಿವಾರ ಬಾಡಿಗೆಗೆ ಬರುವುದೆಂದು ಮಾತಾಗಿತ್ತು. ಗಂಡನಿಗೆ ಬೇರೆ ಊರಿಗೆ ವರ್ಗವಾಗಿರಬೇಕು ಎಂದು ಡಾಕ್ಟರು ತಾವೇ ಊಹಿಸಿಕೊಂಡಿದ್ದರು.

ಹುಡುಗಿ ಕಾಫಿ ಲೋಟ ಕೆಳಗಿಟ್ಟಳು. "ನಾನೂ ಬಿಟ್ಟು ಬಂದೀನ್ರಿ. ನನಗ ಮಕ್ಕಳು ಬ್ಯಾಡ ಅಂದೆ, ಅವರಿಗೆ ಅದು ಒಪ್ಪಿಗಿ ಆಗ್ಲಿಲ್ಲ. ಈಗ ಗೆಳತಿ ಮನ್ಯಾಗ ಸೋಫಾದ ಮ್ಯಾಲೆ ಮಲಗಾಕತ್ತೀನಿ. ಅಕ್ಕಾರ ರೂಮ್ ಒಂದು ಸಿಕ್ರ ಸಾಕು."

ಕೋಡುಬಳೆ ಕಡಿಯುವ ಸದ್ದು ನಿಂತಿತು.

"ಎಂತ ಮಾರಾಯ್ತಿ," ಎಂದರು ಎದುರಿಗೆ ಕೂತಿದ್ದ ಮಂಗಳೂರಿನವರೊಬ್ಬರು, "ಸ್ವಲ್ಪ ಅಡ್ಜಸ್ಟ್ ಮಾಡ್ಲಿಕ್ಕೆ ಆಗ್ಲಿಲ್ವಾ?"

"ಪುಸ್ತಕದಾಕಿಗೆ ನೀವು ಇದನ್ನ ಕೇಳ್ಲಿಲ್ರಲ್ಲ."

"ಅದು ಪುಸ್ತಕ ಅಲ್ವಾ."

ಡಾಕ್ಟರು ಎದ್ದು ಅಡುಗೆಮನೆಗೆ ಹೋದರು. ಬರುವಾಗ ಅವರ ಕೈಯಲ್ಲಿ ತಟ್ಟೆಯಿತ್ತು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ರವಿಕೆ ಕಣ. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹೀಗೆ ಮಡಿಲು ತುಂಬುತ್ತಾಳೆ. ಕೋಣೆ ಕೊಡುವುದಿಲ್ಲ ಎಂದು ಹೇಳಲು ಇದಕ್ಕಿಂತ ಮಂಗಳಕರವಾದ ದಾರಿ ನನಗೆ ತಿಳಿಯದು. ಕೂತಿದ್ದವರೆಲ್ಲರಿಗೂ ಅದು ಅರ್ಥವಾಯಿತು. ಒಬ್ಬರು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

"ಏಳಮ್ಮ, ಸೆರಗು ಒಡ್ಡು," ಎಂದರು ಡಾಕ್ಟರು. "ನಮ್ಮ ಮಗಳ ಹಾಗೇ ನೀನು. ನಿನ್ನ ಮನೆಗೆ ಹೋಗು, ಎಲ್ಲಾ ಸರಿಹೋಗುತ್ತೆ. ರೂಮಿನ ಮಾತು ಆಮೇಲೆ ನೋಡೋಣ."

ಹುಡುಗಿ ಪ್ಯಾಂಟು ಹಾಕಿದ್ದಳು, ಸೆರಗಿರಲಿಲ್ಲ. ಕೋಟಿನ ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಡಾಕ್ಟರು ತಟ್ಟೆಯಲ್ಲಿದ್ದುದನ್ನೆಲ್ಲ ಅದರೊಳಗೆ ಹಾಕಿದರು. ಸ್ವಲ್ಪ ಅಕ್ಕಿ ಕಾರ್ಪೆಟ್ಟಿನ ಮೇಲೆ ಚೆಲ್ಲಿತು. ಕಾಯಿ ಜಾರದಂತೆ ನಾನು ಕೆಳಗಿನಿಂದ ಕೈ ಕೊಟ್ಟೆ. ಅವಳು ಒಂದು ಕೈ ಬಿಡಿಸಿಕೊಂಡು ಬಗ್ಗಿ ಡಾಕ್ಟರ ಕಾಲು ಮುಟ್ಟಿದಳು.

"ಮಡಿಲು ತುಂಬಿದ್ರಿ ಅಂದ ಮ್ಯಾಲೆ ಇದು ನನ್ನ ತವರುಮನಿ ಆತಲ್ರಿ, ಅಕ್ಕಾರ," ಎಂದಳು. "ಎಲ್ಲಾರೂ ನೋಡ್ಯಾರ. ಶನಿವಾರ ಪೆಟ್ಟಿಗಿ ತಗೊಂಡು ಬರ್ತೀನಿ. ತವರಿಗೆ ಬರಾಕ ಮಗಳು ಕೇಳೂದಿಲ್ಲ."

ಡಾಕ್ಟರು ಬರಿದಾದ ತಟ್ಟೆ ಹಿಡಿದು ನಿಂತರು. ತುಂಬಿದ ಮಡಿಲನ್ನು ವಾಪಸು ಪಡೆಯುವ ಶಾಸ್ತ್ರ ಮೈಸೂರಿನಲ್ಲೂ ಇಲ್ಲ, ಮಂಗಳೂರಿನಲ್ಲೂ ಇಲ್ಲ.

ಶನಿವಾರ ಅವಳನ್ನೂ ಪೆಟ್ಟಿಗೆಗಳನ್ನೂ ನನ್ನ ಕಾರಿನಲ್ಲಿ ಕರೆದೊಯ್ದೆ. ಬೆಲ್ ಒತ್ತಿದ ಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಹುಡುಗಿ ಮತ್ತೆ ಒತ್ತಲಿಲ್ಲ, ಹಿಂದೆ ಸರಿಯಲೂ ಇಲ್ಲ. ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರು ಅವಳ ಮುಖ ನೋಡಲಿಲ್ಲ, ಕಾಲು ನೋಡಿದರು.

"ಶೂ ಅಲ್ಲೇ ಬಿಡು," ಎಂದರು. "ಮೇಲಿನ ಹೀಟರು ಸ್ವಲ್ಪ ತೊಂದರೆ ಕೊಡುತ್ತೆ. ಊಟ ಆಗಿದೆಯೋ ಇಲ್ವೋ?"